ನೆರೆಮನೆಯ ಹೊಸ್ತಿಲು

ಭೂತಾನದ ರಾಜಧಾನಿಯಾದ ಥಿಂಫುವಿನಿಂದ ಪುನಾಖಾದ ಕಡೆಗೆ ಹೊರಟ ಹೆದ್ದಾರಿಯು ಏರುತ್ತ ಏರುತ್ತ ಸುಮಾರು 3,100 ಮೀಟರ್ ಎತ್ತರದಲ್ಲಿ ದೋಚುಲಾ ಎಂಬ ಘಟ್ಟದ ನೆತ್ತಿಯನ್ನು ಮುಟ್ಟುತ್ತದೆ. ಮೋಡವಿಲ್ಲದ ಚಳಿಗಾಲದ ಬೆಳಗಿನಲ್ಲಿ ಅಲ್ಲಿ ನಿಂತವನಿಗೆ ಬಡಗಣ ದಿಗಂತದುದ್ದಕ್ಕೂ ಹಿಮಾಲಯದ ಧವಳಶಿಖರಗಳ ಪಂಕ್ತಿಯೇ ಕಾಣಿಸುವುದುಂಟು. ಆದರೆ ಆ ದೇಶದವರು ಆ ಸ್ಥಳಕ್ಕೆ ಸಲ್ಲಿಸುವ ಗೌರವಕ್ಕೆ ಕಾರಣ ಬೇರೆಯೇ ಆಗಿದೆ. ಅಲ್ಲಿಯ ದಿಣ್ಣೆಯೊಂದರ ಮೇಲೆ, 45, 36, 27ರಂತೆ ಮೂರು ಸುತ್ತುಗಳಲ್ಲಿ, ಒಟ್ಟು 108 ಸ್ತೂಪಗಳು ನಿಂತಿವೆ; ಭೂತಾನದವರು ಅವನ್ನು ಚೋರ್ಟೆನ್ ಎಂದು ಕರೆಯುತ್ತಾರೆ. 2003ನೆಯ ಇಸವಿಯ ಡಿಸೆಂಬರಿನಲ್ಲಿ ಆ ಪುಟ್ಟ ರಾಜ್ಯದ ಸೈನ್ಯವು, ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರೇ ಮುಂದೆ ನಿಂತು ನಡೆಸಿದ ಕಾರ್ಯಾಚರಣೆಯಲ್ಲಿ, ತೆಂಕಣ ಕಾಡುಗಳಲ್ಲಿ ಅಡಗುದಾಣಗಳನ್ನು ಮಾಡಿಕೊಂಡಿದ್ದ ಸಶಸ್ತ್ರ ಬಂಡುಕೋರರನ್ನು ಹೊರದೂಡಿತು. ಆಗ ಮಡಿದ ಯೋಧರ ಸ್ಮರಣಾರ್ಥವಾಗಿ, ದೊರೆಯ ನಾಲ್ವರು ರಾಣಿಯರಲ್ಲಿ ಹಿರಿಯರಾದ ದೋರ್ಜಿ ವಾಂಗ್ಮೊ ಅವರು ಕಟ್ಟಿಸಿದ ಸ್ತೂಪಗಳು ಇವು. ಆ ಬಂಡುಕೋರರಾದರೋ ಅಸ್ಸಾಮು ಮತ್ತು ಉತ್ತರ ಬಂಗಾಳಗಳಲ್ಲಿ ಭಾರತದ ವಿರುದ್ಧ ಆಯುಧ ಹಿಡಿದಿದ್ದ ಗುಂಪುಗಳವರು. ಎಂದರೆ, ಭೂತಾನದ ಸೈನಿಕರು ಆ ಚಳಿಯಲ್ಲಿ ಪ್ರಾಣ ತೆತ್ತದ್ದು ತಮ್ಮ ನಾಡಿನ ನೆಮ್ಮದಿಗೆ ಎಷ್ಟೋ, ನಮ್ಮ ನಾಡಿನ ನೆಮ್ಮದಿಗೂ ಅಷ್ಟೇ.

2019ರ ಅಕ್ಟೋಬರಿನಲ್ಲಿ ಮೋಟಾರ್ ಸೈಕಲ್ ಸವಾರರ ತಂಡವೊಂದರೊಡನೆ ಬಂದಿದ್ದ ಭಾರತೀಯ ಪ್ರವಾಸಿಯೊಬ್ಬನು ಈ ಸ್ತೂಪಗಳಲ್ಲಿ ಒಂದರ ನೆತ್ತಿಯ ಮೇಲೆ ಏರಿ ನಿಂತು ಚಿತ್ರ ತೆಗೆಸಿಕೊಂಡನು. ಏಣಿ ಅಲ್ಲಿಯದೇ, ಸ್ತೂಪದ ದುರಸ್ತಿಯಲ್ಲಿ ತೊಡಗಿದ್ದ ಸ್ಥಳೀಯ ಬಡಗಿಯೊಬ್ಬನು ಅವನಿಗೆ ನೆರವಾದನೆಂದು ವರದಿಯಾಯಿತು. ಚಿತ್ರವು ಭೂತಾನದವರ ಮೊಬೈಲುಗಳಲ್ಲಿ ಹರಿದಾಡಿ, ಪೊಲೀಸರು ಅವನ ಪಾಸ್‌ಪೋರ್ಟನ್ನು ಹಿಡಿದಿಟ್ಟುಕೊಂಡು ವಿಚಾರಿಸಿ, ಅವನು ಕ್ಷಮಾಪಣೆಯನ್ನು ಬರೆದುಕೊಟ್ಟಮೇಲೆ ಬಿಟ್ಟುಕಳುಹಿಸಿದರು. ಸೆರೆಯಿಲ್ಲ, ಛಡಿಯೇಟಿಲ್ಲ, ದೊಡ್ಡ ದಂಡವೂ ಇಲ್ಲ. ಆ ಮನುಷ್ಯನು ದುಷ್ಟನೆಂದು ನಾನು ಭಾವಿಸುವುದಿಲ್ಲ. ತನ್ನ ಕಾಲಡಿಯಲ್ಲಿದ್ದುದು ಯಾರ ನೆನಪಿನ ಕಟ್ಟಡವೆಂಬುದು ಅವನಿಗೆ ತಿಳಿದಿರಲಿಕ್ಕಿಲ್ಲ. ತಿಳಿದುಕೊಳ್ಳಬೇಕೆಂಬ ಯೋಚನೆಯೂ ಹುಟ್ಟಿರಲಿಕ್ಕಿಲ್ಲ. ಆ ಯೋಚನೆ ಹುಟ್ಟದಿರುವುದಕ್ಕೆ ಕಾರಣವೇನೆಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಇದೇ ಪ್ರವಾಸಿಯನ್ನು, ಅಥವಾ ಇವನಂತಹ ನಮ್ಮಲ್ಲಿ ಯಾರನ್ನಾದರೂ, ಸಿಂಗಪುರದ ಬೀದಿಯಲ್ಲಿ ನಿಲ್ಲಿಸಿ ನೋಡಬೇಕು. ಮಿಠಾಯಿಯ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಸದ ಡಬ್ಬಿ ಸಿಕ್ಕುವವರೆಗೆ ಅದನ್ನು ನಿಕ್ಷೇಪದಂತೆ ಕಾಪಾಡುವನು. ದೀಪ ಹಸುರಾಗುವ ತನಕ, ರಸ್ತೆ ಎಷ್ಟು ಬರಿದಾಗಿದ್ದರೂ, ಹೆಜ್ಜೆ ಎತ್ತಲಾರನು. ಆ ನಗರರಾಷ್ಟ್ರದ ಕಾನೂನುಗಳ ಕೀರ್ತಿಯು ಅಲ್ಲಿಗೆ ಹೋಗುವವರಿಗಿಂತ ಮೊದಲೇ ಅವರ ಕಿವಿಯನ್ನು ಮುಟ್ಟಿರುತ್ತದೆ. 1992ರಲ್ಲಿ ಅಲ್ಲಿ ಚ್ಯೂಯಿಂಗ್ ಗಮ್ಮಿನ ಆಮದನ್ನೂ ಮಾರಾಟವನ್ನೂ ನಿಷೇಧಿಸಿದರು. ಅಗಿದು ಉಗಿದ ಅಂಟು ಹೊಸದಾಗಿ ಓಡತೊಡಗಿದ್ದ ಮೆಟ್ರೊ ರೈಲುಗಳ ಬಾಗಿಲುಗಳಿಗೆ ಮೆತ್ತಿಕೊಂಡು ಸಂಚಾರಕ್ಕೇ ತಡೆಯಾಗುತ್ತಿತ್ತೆಂಬುದು ಅದಕ್ಕೆ ಹೇಳಿದ ಕಾರಣಗಳಲ್ಲಿ ಒಂದು. 1994ರಲ್ಲಿ ಕಾರುಗಳಿಗೆ ಬಣ್ಣ ಎರಚಿದ ಆರೋಪದ ಮೇಲೆ ಹದಿನೆಂಟರ ಹರೆಯದ ಅಮೆರಿಕನ್ ಹುಡುಗನೊಬ್ಬನಿಗೆ ಛಡಿಯೇಟಿನ ಶಿಕ್ಷೆಯಾದಾಗ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರೇ ದಯೆ ತೋರಬೇಕೆಂದು ಕೋರಿದರು. ಆರು ಏಟು ನಾಲ್ಕಾಯಿತೇ ಹೊರತು ಶಿಕ್ಷೆ ತಪ್ಪಲಿಲ್ಲ. ಇಂತಹ ವೃತ್ತಾಂತಗಳನ್ನು ಕೇಳಿಕೊಂಡು ವಿಮಾನ ಹತ್ತಿದವನು ಇಳಿದೊಡನೆ ಸಭ್ಯನಾಗುವುದರಲ್ಲಿ ಆಶ್ಚರ್ಯವೇನಿದೆ? ಆದರೆ ಅದನ್ನು ಗೌರವವೆಂದು ಕರೆಯುವುದಕ್ಕೆ ನನ್ನ ಮನಸ್ಸು ಹಿಂಜರಿಯುತ್ತದೆ. ದಂಡನೀತಿಗೆ ತಲೆಬಾಗುವುದನ್ನು ನಮ್ಮ ಹಿಂದಿನವರು ಭಯವೆಂದೇ ಕರೆದಿದ್ದರು; ಅದು ತುಚ್ಛವೇನೂ ಅಲ್ಲ, ರಾಜ್ಯಗಳು ನಡೆಯುವುದೇ ಬಹುಮಟ್ಟಿಗೆ ಅದರ ಬಲದಿಂದ. ಅಂಜಿಸದ ನಾಡಿನಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದನ್ನು ಮಾತ್ರ ಅದು ತಿಳಿಸಲಾರದು.

ಭೂತಾನವು ಭಾರತೀಯನನ್ನು ಅಂಜಿಸುವುದಿಲ್ಲ. ಅಷ್ಟೇ ಅಲ್ಲ, ತಾನು ಪರದೇಶವೆಂಬುದನ್ನೇ ಅವನು ಮರೆಯುವಂತೆ ಮಾಡುತ್ತದೆ. ಅಲ್ಲಿಗೆ ಹೋಗಲು ನಮಗೆ ವೀಸಾ ಬೇಡ, ಪ್ರವೇಶಪತ್ರವೊಂದಿದ್ದರೆ ಸಾಕು. ಪಾಸ್‌ಪೋರ್ಟ್ ಇಲ್ಲದವರಿಗೆ ಮತದಾರರ ಗುರುತಿನ ಚೀಟಿಯೂ ಸಲ್ಲುತ್ತದೆ. ಅಲ್ಲಿಯ ನಾಣ್ಯವಾದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮಸಮ, ಅಂಗಡಿಯವನು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿಕೊಳ್ಳುತ್ತಾನೆ. ಸಿನಿಮಾದ ದೆಸೆಯಿಂದ ಹಿಂದಿ ಬಹುಮಂದಿಗೆ ಅರ್ಥವಾಗುತ್ತದೆ. ರಸ್ತೆಗಳಲ್ಲಿ ಎಷ್ಟನ್ನೋ ಕಡಿದು ಮಾಡಿದವರು ನಮ್ಮವರು, ಜಲವಿದ್ಯುತ್ ಯೋಜನೆಗಳಿಗೆ ಹಣ ಕೊಟ್ಟವರು ನಮ್ಮವರು, ಬುದ್ಧನಂತೂ ನಮ್ಮವನೇ ಆಯಿತಲ್ಲ! ಇಷ್ಟೆಲ್ಲ ನಮ್ಮದಾಗಿರುವಲ್ಲಿ ಹೊಸ್ತಿಲಿನ ಬಳಿ ನಿಂತು ಅನುಮತಿ ಕೇಳಬೇಕೆಂದು ಯಾರಿಗೆ ತೋರುತ್ತದೆ? ದೂರದ ಊರಿನ ಅಪರಿಚಿತರ ಮನೆಯಲ್ಲಿ ಕಾಲು ಮಡಿಚಿ ಕುಳಿತು ಕೊಟ್ಟದ್ದನ್ನು ತಿನ್ನುವ ಮನುಷ್ಯನೇ, ನೆರೆಮನೆಗೆ ಹೋದಾಗ ನೆಟ್ಟಗೆ ಅಡುಗೆಮನೆಗೆ ನುಗ್ಗಿ ಗಡಿಗೆಯ ಮುಚ್ಚಳ ತೆಗೆದು ನೋಡುತ್ತಾನೆ. ಅನ್ಯೋನ್ಯತೆಯ ಹೆಸರಿನಲ್ಲಿ ನಡೆಯುವ ಈ ಅತಿಕ್ರಮವು ವೈರದಿಂದ ಹುಟ್ಟಿದುದಲ್ಲವಾದುದರಿಂದ ಅದನ್ನು ಬೆರಳಿಟ್ಟು ತೋರಿಸುವುದು ಮನೆಯವರಿಗೆ ಇನ್ನಷ್ಟು ಕಷ್ಟ.

ಅರಿಯದೆ ಮಾಡಿದ ಅಪರಾಧಗಳೆಲ್ಲವೂ ಒಂದೇ ಬಗೆಯವೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಗೃಹಿಣಿಯರಿಗೆ ತಿಳಿದಿರಲೇಬೇಕಾದ ಒಂದು ನಿದರ್ಶನವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ತರವಲ್ಲ. ಗಸಗಸೆಯಿಲ್ಲದೆ ನಮ್ಮಲ್ಲಿ ಹಬ್ಬದ ಪಾಯಸವೂ ಇಲ್ಲ, ಸಾಗಿಗೆ ರುಬ್ಬುವ ಮಸಾಲೆಯೂ ಇಲ್ಲ. ದುಬಾಯಿಯಲ್ಲಿ ಕೆಲಸಕ್ಕಿರುವ ಮಗನಿಗೆ ತಾಯಿಯು ಸಾರಿನ ಪುಡಿ, ಚಟ್ನಿಪುಡಿಗಳೊಡನೆ ಒಂದು ಪೊಟ್ಟಣ ಗಸಗಸೆಯನ್ನೂ ಕಟ್ಟಿಕೊಡುವುದು ಅತ್ಯಂತ ಸಹಜವಾದ ವಾತ್ಸಲ್ಯ. ಆದರೆ ಗಸಗಸೆಯು ಅಫೀಮಿನ ಗಿಡದ ಬೀಜ. ಬೀಜದಲ್ಲಿ ಮಾದಕಾಂಶ ಇಲ್ಲವೆಂಬಷ್ಟು ಅಲ್ಪವಾದರೂ, ಕಾಯಿಯ ರಸದ ಲೇಪ ಅದರ ಸಿಪ್ಪೆಯ ಮೇಲೆ ಉಳಿದಿರಬಹುದೆಂಬ ಕಾರಣದಿಂದಲೂ, ಮೊಳೆತರೆ ಅದೇ ಗಿಡವಾಗುವುದೆಂಬ ಕಾರಣದಿಂದಲೂ, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿಯೂ ಸೌದಿ ಅರೇಬಿಯದಲ್ಲಿಯೂ ಸಿಂಗಪುರದಲ್ಲಿಯೂ ಅದು ನಿಷಿದ್ಧವಸ್ತುಗಳ ಪಟ್ಟಿಯಲ್ಲಿದೆ. ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ಬಿಚ್ಚಿದ ಅಧಿಕಾರಿಗೆ ಪಾಯಸದ ಕಥೆ ಹೇಳಿ ಒಪ್ಪಿಸುವುದು ಸುಲಭವಾದ ಕೆಲಸವಲ್ಲ. ವೈದ್ಯರು ಬರೆದುಕೊಟ್ಟ ಕೆಮ್ಮಿನ ಔಷಧದಲ್ಲಿಯ ಕೊಡೀನ್, ನೋವಿನ ಮಾತ್ರೆಯಲ್ಲಿಯ ಟ್ರಮಡಾಲ್ ಇವುಗಳಿಗೂ ಕೊಲ್ಲಿಯ ನಾಡುಗಳಲ್ಲಿ ಮುಂಚಿತವಾಗಿ ಅನುಮತಿ ಬೇಕು. ಇಲ್ಲಿ ತಪ್ಪುವವನದು ಅಜ್ಞಾನವೇ ಹೊರತು ಔದ್ಧತ್ಯವಲ್ಲ. ಹೊರಡುವ ಮೊದಲು ಆಯಾ ದೇಶದ ಪಟ್ಟಿಯನ್ನು ಅರ್ಧ ಗಳಿಗೆ ಓದಿಕೊಂಡರೆ ಪರಿಹಾರವಾಗುವ ಅಜ್ಞಾನ. ದೋಚುಲಾದಲ್ಲಿ ನಡೆದುದು ಈ ಜಾತಿಯದಲ್ಲ. ಸ್ತೂಪದ ನೆತ್ತಿಯ ಮೇಲೆ ಪಾದವಿಡಬಾರದೆಂಬುದನ್ನು ಅರಿಯಲು ಯಾವ ಪಟ್ಟಿಯನ್ನೂ ಓದಬೇಕಾಗಿಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ ಬೆಳೆದವನಿಗಂತೂ ಬೇಕಾಗಿಲ್ಲ.

ಭೂತಾನದ ಶಿಷ್ಟಾಚಾರವು ಬಹುತೇಕ ಇಂತಹುದೇ: ನಮಗೆ ಅರ್ಧ ಪರಿಚಿತ, ಅರ್ಧ ಹೊಸತು. ಸ್ತೂಪವನ್ನೂ ಪ್ರಾರ್ಥನಾಚಕ್ರಗಳ ಸಾಲನ್ನೂ ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯಾಗಿಯೇ ನಡೆಯಬೇಕು. ಇದು ನಮಗೆ ಹೇಳಿಕೊಡಬೇಕಾದುದಲ್ಲ. ದೇಗುಲದ ಒಳಗೆ ಪಾದರಕ್ಷೆಯಿಲ್ಲ, ಟೋಪಿಯಿಲ್ಲ, ಚಿತ್ರಗ್ರಹಣವಿಲ್ಲ, ಇದೂ ಅಷ್ಟೆ. ಆದರೆ ಜೊಂಗ್ ಎಂಬ ಕೋಟೆಮಠಗಳ ವಿಷಯಕ್ಕೆ ಬಂದಾಗ ನಮ್ಮವರು ಎಡವುವುದುಂಟು. ಪುನಾಖಾದ ಜೊಂಗನ್ನು ತೆಗೆದುಕೊಳ್ಳಬಹುದು. ಹದಿನೇಳನೆಯ ಶತಮಾನದಲ್ಲಿ ಭೂತಾನವನ್ನು ಒಂದು ರಾಜ್ಯವಾಗಿ ಬೆಸೆದ ನವಾಂಗ್ ನಮ್‌ಗ್ಯಾಲ್ ಎಂಬ ಲಾಮಾ, ಫೊ ಚು ಮತ್ತು ಮೊ ಚು ಎಂಬ ಎರಡು ನದಿಗಳು ಕೂಡುವ ಕೂಡಲಿಯಲ್ಲಿ, 1637-38ರಲ್ಲಿ ಕಟ್ಟಿಸಿದ ಈ ಭವ್ಯಸೌಧವು ನೋಡುವವನ ಕಣ್ಣಿಗೆ ಪ್ರೇಕ್ಷಣೀಯ ಸ್ಮಾರಕದಂತೆ ತೋರುವುದು. ವಾಸ್ತವದಲ್ಲಿ ಅದರ ಒಂದು ಭಾಗ ಮಠ, ಇನ್ನೊಂದು ಭಾಗ ಜಿಲ್ಲೆಯ ಕಚೇರಿ, ಎರಡೂ ಈ ಹೊತ್ತಿಗೂ ನಡೆಯುತ್ತಿರುವಂಥವು. ಚಳಿಗಾಲದಲ್ಲಿ ನಾಡಿನ ಪ್ರಧಾನ ಮಠಾಧಿಪತಿಯು ಭಿಕ್ಷುಸಮೂಹದೊಡನೆ ಥಿಂಫುವಿನಿಂದ ಇಲ್ಲಿಗೆ ಇಳಿದು ಬಂದು ನೆಲಸುತ್ತಾರೆ. ಕೆಲಸಕ್ಕಾಗಿ ಅಲ್ಲಿಗೆ ಬರುವ ಭೂತಾನಿಯು, ಗಂಡಸಾದರೆ ಘೋ ಎಂಬ ನಿಲುವಂಗಿಯ ಮೇಲೆ ಕಬ್ನೆ ಎಂಬ ಉತ್ತರೀಯವನ್ನೂ, ಹೆಂಗಸಾದರೆ ಕಿರಾ ಎಂಬ ಉಡುಪಿನ ಮೇಲೆ ರಾಚು ಎಂಬ ಪಟ್ಟಿಯನ್ನೂ ಧರಿಸದೆ ಹೆಬ್ಬಾಗಿಲನ್ನು ದಾಟುವುದಿಲ್ಲ. ಉತ್ತರೀಯದ ಬಣ್ಣವು ಪದವಿಯನ್ನು ಹೇಳುತ್ತದೆ: ಅರಸನಿಗೂ ಮಠಾಧಿಪತಿಗೂ ಹಳದಿ, ಮಂತ್ರಿಗಳಿಗೆ ಕಿತ್ತಳೆ, ಸಾಮಾನ್ಯನಿಗೆ ಬಿಳಿ. ಅತಿಥಿಯಿಂದ ಇಷ್ಟನ್ನು ಕೇಳುವುದಿಲ್ಲ. ತೋಳು ಮುಚ್ಚುವ ಅಂಗಿ, ಕಾಲು ಮುಚ್ಚುವ ಷರಾಯಿ, ಬರಿದಲೆ, ಮೆಲುದನಿ, ಇಷ್ಟು ಸಾಕು. ಅಷ್ಟನ್ನೂ ಕೊಡಲೊಲ್ಲದೆ ಚಡ್ಡಿಯಲ್ಲಿ ಬಂದು, ಬಾಗಿಲ ಕಾವಲುಗಾರನೊಡನೆ ತಾವು ಶುಲ್ಕ ತೆತ್ತವರೆಂದು ವಾದಿಸುವವರನ್ನು ಕಾಣುವುದು ಒಬ್ಬ ಭಾರತೀಯನಿಗೆ ಸುಖದ ಸಂಗತಿಯಲ್ಲ.

ಪುನಾಖಾಕ್ಕೆ ಸಮೀಪದ ಚಿಮಿ ಲಾಖಾಂಗ್ ಎಂಬ ಗುಡಿಯ ಸುತ್ತಲಿನ ಹಳ್ಳಿಗಳಲ್ಲಿ ಮನೆಗಳ ಗೋಡೆಗಳ ಮೇಲೆ ಪುರುಷಲಿಂಗದ ದೊಡ್ಡ ದೊಡ್ಡ ಚಿತ್ರಗಳನ್ನು ಬಣ್ಣಬಣ್ಣವಾಗಿ ಬರೆದಿರುತ್ತಾರೆ. ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ಬಾಳಿದ ದ್ರುಕ್ಪಾ ಕುನ್ಲೆ ಎಂಬ ಅವಧೂತನು, ಆಚಾರದ ಗರ್ವವನ್ನು ಅಶ್ಲೀಲದಿಂದಲೇ ಭಂಗಪಡಿಸುತ್ತ, ಭೂತಪಿಶಾಚಗಳನ್ನು ಅಡಗಿಸಿದನೆಂಬುದು ಅಲ್ಲಿಯ ಐತಿಹ್ಯ. ಚಿತ್ರಗಳು ಕೆಡುಕನ್ನೂ ದೃಷ್ಟಿದೋಷವನ್ನೂ ಕಳೆಯುವ ರಕ್ಷೆಗಳು. ಮಕ್ಕಳಿಲ್ಲದ ದಂಪತಿಗಳು ಸಂತಾನದ ಹರಕೆ ಹೊತ್ತು ಆ ಗುಡಿಗೆ ಬರುತ್ತಾರೆ. ಪ್ರವಾಸಿಗಳ ಗುಂಪು ಆ ದಾರಿಯಲ್ಲಿ ನಡೆಯುವಾಗ ಏಳುವ ಕಿಸಕಿಸ ನಗೆಯೂ, ಗೋಡೆಗಳ ಮುಂದೆ ನಿಂತು ತೆಗೆಯಿಸಿಕೊಳ್ಳುವ ಚಿತ್ರಗಳೂ ಯಾವ ಕಾನೂನನ್ನೂ ಮುರಿಯುವುದಿಲ್ಲ. ನಗಬಾರದೆಂದೂ ನಾನು ಹೇಳಲಾರೆ. ದ್ರುಕ್ಪಾ ಕುನ್ಲೆಯೇ ನಗಿಸುವ ಗುರು, ಆ ಹಳ್ಳಿಯವರೂ ಅವನ ಕಥೆಗಳಿಗೆ ನಗುವವರೇ. ಆದರೆ ಅದೇ ಓಣಿಯಲ್ಲಿ ಕೂಸಿಗಾಗಿ ಹರಕೆ ಹೊತ್ತು ಬಂದ ಹೆಣ್ಣುಮಗಳೊಬ್ಬಳು ನಮ್ಮ ಪಕ್ಕದಲ್ಲಿಯೇ ಹಾದುಹೋಗುತ್ತಿರಬಹುದಲ್ಲವೆ? ಯಾವ ನಗೆ ಅವಳೊಡನೆ ನಕ್ಕದ್ದು, ಯಾವುದು ಅವಳನ್ನು ನೋಡಿ ನಕ್ಕದ್ದು ಎಂಬುದನ್ನು ಯಾವ ಕಾಯಿದೆಯ ಪುಸ್ತಕವೂ ವಿಂಗಡಿಸಿಕೊಡಲಾರದು.

ಕಾನೂನಿನ ಮಾತು ಬಂದಾಗ ಭೂತಾನದ ಹೊಗೆಸೊಪ್ಪಿನ ಚರಿತ್ರೆಯನ್ನು ನೆನೆಯಬೇಕು. 2004ರಲ್ಲಿ ಆ ದೇಶವು ಹೊಗೆಸೊಪ್ಪಿನ ಮಾರಾಟವನ್ನೇ ನಿಷೇಧಿಸಿತು. 2010ರ ಕಾಯಿದೆ ಅದನ್ನು ಎಷ್ಟು ಬಿಗಿಗೊಳಿಸಿತೆಂದರೆ, ಮರುವರ್ಷವೇ ತರುಣ ಭಿಕ್ಷುವೊಬ್ಬನಿಗೆ, ಗಡಿಯಾಚೆಯ ನಮ್ಮ ಊರಿನಿಂದ ಅಲ್ಪಬೆಲೆಯ ಅಗಿಯುವ ಹೊಗೆಸೊಪ್ಪನ್ನು ತಂದುದಕ್ಕಾಗಿ, ಮೂರು ವರ್ಷಗಳ ಸೆರೆಮನೆವಾಸ ವಿಧಿಸಲಾಯಿತು. ನಾಡಿನಲ್ಲಿಯೇ ಅದಕ್ಕೆ ವಿರೋಧವೆದ್ದು ಕಾಯಿದೆ ಸಡಿಲವಾಯಿತು. 2021ರಲ್ಲಿ, ಮಹಾಮಾರಿಯ ಕಾಲದಲ್ಲಿ ಕಳ್ಳಸಾಗಣೆಯವರು ಗಡಿಯಿಂದ ರೋಗವನ್ನೂ ತರುವರೆಂಬ ಭೀತಿಯಿಂದ, ಮಾರಾಟದ ನಿಷೇಧವನ್ನೇ ತೆಗೆದರು. ಕಳೆದ ವರ್ಷ ಹೋಗಿ ಬಂದ ಬಂಧುಗಳ ಮಾತನ್ನು ನಂಬಿ ಈ ವರ್ಷ ಹೊರಡುವುದು ಸಾಲದೆಂಬುದಕ್ಕೆ ಇದೊಂದು ಸಾಕ್ಷ್ಯ. ವಾಹನ ನಡೆಸುವವರಿಗೆ ಬೇರೊಂದು ಪರೀಕ್ಷೆಯಿದೆ. ಥಿಂಫುವಿನಲ್ಲಿ ಒಮ್ಮೆ ಸಂಚಾರದೀಪವನ್ನು ಹಾಕಿ, ಜನಕ್ಕೆ ಅದು ಒಗ್ಗದೆ, ತೆಗೆದುಬಿಟ್ಟರು. ಮುಖ್ಯ ವೃತ್ತದಲ್ಲಿ ಇಂದಿಗೂ ಪೊಲೀಸನ ಕೈಸನ್ನೆಯೇ ದೀಪ. ಪಾದಚಾರಿಯು ಬಿಳಿಪಟ್ಟೆಯ ಮೇಲೆ ಕಾಲಿಟ್ಟರೆ ಕಾರು ನಿಲ್ಲುತ್ತದೆ, ಹಾರನ್ನಿನ ಸದ್ದು ಅಪರೂಪ. ಜೈಗಾಂವ್ ಎಂಬ ನಮ್ಮ ಗಡಿಯೂರಿನ ಗದ್ದಲವನ್ನು ದಾಟಿ, ಚಿತ್ತಾರದ ಮಹಾದ್ವಾರದ ಆಚೆ ಫುಂಟ್‌ಶೋಲಿಂಗನ್ನು ಹೊಕ್ಕ ಕ್ಷಣದಲ್ಲಿಯೇ ಕಿವಿಗೆ ಈ ಅಂತರ ತಿಳಿಯುತ್ತದೆ. ಆ ಮೌನದಲ್ಲಿ ಒಂದೇ ಹಾರನ್ನು ಬಡಿದುಕೊಳ್ಳುತ್ತಿದ್ದರೆ, ಗಾಡಿಯ ಫಲಕ ಯಾವ ದೇಶದ್ದೆಂದು ತಿರುಗಿ ನೋಡುವ ಅಗತ್ಯವೇ ಇಲ್ಲ.

ಬೇಡವೆಂದು ಆಜ್ಞಾಪಿಸಿದ್ದಕ್ಕೂ ದಯವಿಟ್ಟು ಬೇಡವೆಂದು ಕೇಳಿಕೊಂಡದ್ದಕ್ಕೂ ಜನರು ಹೇಗೆ ಬೇರೆಬೇರೆಯಾಗಿ ನಡೆದುಕೊಳ್ಳುತ್ತಾರೆಂಬುದಕ್ಕೆ ಎರಡು ಶಿಲೋಚ್ಚಯಗಳ ಕಥೆಯನ್ನು ಒಟ್ಟಿಗೆ ನೋಡಬಹುದು. ಭೂತಾನದ ಗಂಗ್‌ಖರ್ ಪುಯೆನ್ಸುಂ ಶಿಖರದ ಎತ್ತರ 7,570 ಮೀಟರ್. ಮನುಷ್ಯರು ಇನ್ನೂ ಏರದಿರುವ ಪರ್ವತಗಳಲ್ಲಿ ಜಗತ್ತಿಗೇ ಉನ್ನತವಾದುದು ಅದು. ಪರ್ವತಗಳು ದೇವತೆಗಳ ನೆಲೆಯೆಂಬ ಪ್ರಜೆಗಳ ಶ್ರದ್ಧೆಯನ್ನು ಮನ್ನಿಸಿ ಅಲ್ಲಿಯ ಸರ್ಕಾರವು 1994ರಲ್ಲಿ 6,000 ಮೀಟರಿಗೆ ಮೇಲ್ಪಟ್ಟ ಶಿಖರಗಳ ಆರೋಹಣವನ್ನೂ, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿಯಾಗಿಯೂ ನಿಷೇಧಿಸಿತು. ಆಜ್ಞೆಯಿದ್ದುದರಿಂದ ಶಿಖರವು ಅಸ್ಪೃಷ್ಟವಾಗಿ ಉಳಿದಿದೆ. ಇನ್ನೊಂದು, ಆಸ್ಟ್ರೇಲಿಯದ ನಡುಮರುಭೂಮಿಯಲ್ಲಿ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಎದ್ದಿರುವ ಕೆಂಪು ಏಕಶಿಲೆ, ಉಲುರು. ಬಿಳಿಯರು 1873ರಲ್ಲಿ ಅದನ್ನು ಕಂಡು ಏಯರ್ಸ್ ರಾಕ್ ಎಂದು ಹೆಸರಿಟ್ಟರು. 1964ರಲ್ಲಿ ಹತ್ತುವವರ ಕೈಯಾಸರೆಗೆ ಬಂಡೆಗೆ ಕಂಬ ನೆಟ್ಟು ಸರಪಳಿ ಬಿಗಿದರು. ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಆ ಏರುದಾರಿಯು ಅವರ ಪೂರ್ವಿಕರಾದ ಮಾಲಾ ಪುರುಷರು ನಡೆದ ಪವಿತ್ರಮಾರ್ಗ. ತಮ್ಮ ನೆಲಕ್ಕೆ ಬಂದ ಅತಿಥಿಯು ಅಲ್ಲಿ ಜಾರಿ ಬಿದ್ದು ಸತ್ತರೆ ಅದರ ಶೋಕವೂ ಹೊಣೆಯೂ ತಮ್ಮದೇ ಎಂದು ಅವರು ಭಾವಿಸುತ್ತಾರೆ; ಸತ್ತವರಾದರೋ ಕಡಿಮೆಯೆಂದರೂ 37 ಮಂದಿ.

1985ರ ಅಕ್ಟೋಬರ್ 26ರಂದು ಆ ನೆಲದ ಒಡೆತನವು ಅನಂಗುಗಳಿಗೆ ಮರಳಿ ಬಂದಿತು. ಬಂದೊಡನೆಯೇ, ಒಪ್ಪಂದದ ಪ್ರಕಾರ, ಉದ್ಯಾನವಾಗಿ ನಡೆಸುವುದಕ್ಕೆಂದು 99 ವರ್ಷಗಳ ಗೇಣಿಗೆ ಸರ್ಕಾರಕ್ಕೇ ಹೋಯಿತು. ಒಡೆಯರಾದವರು ಆಮೇಲೂ ಆಜ್ಞಾಪಿಸಲಿಲ್ಲ, ವಿನಂತಿಸಿಕೊಂಡರು. ಬಂಡೆಯ ಬುಡದಲ್ಲಿ ಫಲಕವಿಟ್ಟು, ಇದು ನಮ್ಮ ಧರ್ಮಕ್ಕೆ ಸೇರಿದ ಸ್ಥಳ, ದಯವಿಟ್ಟು ಏರಬೇಡಿ ಎಂಬ ಭಾವವನ್ನು ಹಲವು ಭಾಷೆಗಳಲ್ಲಿ ಬರೆಯಿಸಿದರು. ಆ ಫಲಕದ ಪಕ್ಕದಿಂದಲೇ ಲಕ್ಷಾಂತರ ಮಂದಿ ಸರಪಳಿ ಹಿಡಿದು ಮೇಲೆ ಹೋದರು. ಏರುವವರ ಪ್ರಮಾಣ ಶೇಕಡ 20ಕ್ಕಿಂತ ಕೆಳಗಿಳಿದರೆ ದಾರಿಯನ್ನು ಮುಚ್ಚಬಹುದೆಂದು 2010ರ ಯೋಜನೆಯಲ್ಲಿ ಬರೆದರು, ಕ್ರಮೇಣ ಇಳಿಯಿತು, 2017ರ ನವೆಂಬರಿನಲ್ಲಿ ಉದ್ಯಾನದ ಮಂಡಳಿಯು, ಎರಡು ವರ್ಷಗಳ ಅವಧಿ ಕೊಟ್ಟು, 2019ರ ಅಕ್ಟೋಬರ್ 26ರಿಂದ ಆರೋಹಣ ಸಲ್ಲದೆಂದು ನಿರ್ಣಯಿಸಿತು. ನಿಷೇಧದ ವಾರ್ತೆ ಹಬ್ಬಿದೊಡನೆ ಆದುದೇನು? ಇಳಿದಿದ್ದ ಸಂಖ್ಯೆ ಮತ್ತೆ ಏರಿತು. ಕೊನೆಯ ದಿನಗಳಲ್ಲಿ ಬಂಡೆಯ ಬೆನ್ನ ಮೇಲೆ ಇರುವೆಸಾಲಿನಂತೆ ಜನ ಕಾಣುವ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ನಮ್ಮವನು ದೋಚುಲಾದ ಸ್ತೂಪವನ್ನು ಹತ್ತಿದುದೂ ಅದೇ ತಿಂಗಳು. ಉಲುರುವಿನ ಸಾಲಿನಲ್ಲಿ ನಿಂತವರು ಶಿಕ್ಷಿತರು, ತಮ್ಮ ಊರಿನಲ್ಲಿ ತೆರಿಗೆ ಕಟ್ಟಿ ಸಂಚಾರನಿಯಮ ಪಾಲಿಸುವ ಗೃಹಸ್ಥರು. ಅನೇಕರು ಅದೇ ದೇಶದ ಪ್ರಜೆಗಳಾದುದರಿಂದ, ಈ ಬಂಡೆ ತಮ್ಮದೂ ಅಲ್ಲವೆ ಎಂದು ಪತ್ರಿಕೆಗಳವರನ್ನು ಕೇಳಿದವರೂ ಅವರಲ್ಲಿದ್ದರು. ತಮ್ಮದೆಂಬ ಭಾವನೆಯು ಮನುಷ್ಯನನ್ನು ಎಷ್ಟು ಎತ್ತರಕ್ಕೆ ಏರಿಸಬಲ್ಲದೆಂಬುದಕ್ಕೆ ಇದಕ್ಕಿಂತ ಅಳತೆಗೆ ಸಿಕ್ಕುವ ಪ್ರಮಾಣ ಬೇರೆ ಬೇಕಿಲ್ಲ.

ಇಷ್ಟನ್ನು ಓದಿದವರು ಒಂದು ಆಕ್ಷೇಪವನ್ನು ಎತ್ತಬಹುದು. ನಾಡಿನ ಆಚಾರವೆಂದೊಡನೆ ಎಲ್ಲಕ್ಕೂ ತಲೆಬಾಗಬೇಕೆ? ಆಚಾರದ ಹೆಸರಿನಲ್ಲಿ ಅನ್ಯಾಯ ನಡೆಯುವುದಿಲ್ಲವೆ? ನಡೆಯುತ್ತದೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಪ್ರವಾಸಿನಿಯೊಬ್ಬಳನ್ನು ಶ್ರೀಲಂಕಾದ ಅಧಿಕಾರಿಗಳು ವಿಮಾನನಿಲ್ದಾಣದ ಬಳಿ ಹಿಡಿದು, ಬಂಧನದಲ್ಲಿಟ್ಟು, ದೇಶದಿಂದ ಹೊರಗೆ ಕಳುಹಿಸಿದರು. ಆಕೆ ಬುದ್ಧನಲ್ಲಿ ಭಕ್ತಿಯುಳ್ಳವಳಾಗಿದ್ದಳು. 2017ರಲ್ಲಿ ಅದೇ ದೇಶದ ಸರ್ವೋಚ್ಚ ನ್ಯಾಯಾಲಯವು ಆಕೆಯನ್ನು ನಡೆಸಿಕೊಂಡ ರೀತಿಗೆ ಕಾನೂನಿನ ಆಧಾರವಿರಲಿಲ್ಲವೆಂದು ಕಠೋರವಾಗಿ ಖಂಡಿಸಿ, ಎಂಟು ಲಕ್ಷ ಶ್ರೀಲಂಕಾ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಅತಿಥಿಗೆ ಹೇಗೋ ಆತಿಥೇಯನಿಗೂ ಮಿತಿಯುಂಟು. ಆ ಮಿತಿಯನ್ನು ಹೇಳಲು ಆ ನಾಡಿನದೇ ನ್ಯಾಯಪೀಠ ಮುಂದೆ ಬಂದುದು ಆ ನಾಡಿಗೆ ಭೂಷಣ.

ಭೂತಾನದ ವಿಷಯದಲ್ಲಿಯೂ ಕಣ್ಣು ಮುಚ್ಚಿ ಮೆಚ್ಚತಕ್ಕದ್ದಲ್ಲ. ಪ್ರವಾಸಿಯ ಕಣ್ಣಿಗೆ ಮನೋಹರವಾಗಿ ತೋರುವ ಘೋ ಮತ್ತು ಕಿರಾಗಳು, ದ್ರಿಗ್ಲಾಮ್ ನಾಮ್‌ಝಾ ಎಂಬ ಆ ಶಿಷ್ಟಾಚಾರ ಸಂಹಿತೆ, 1989ರಲ್ಲಿ ರಾಜಾಜ್ಞೆಯ ಬಲದಿಂದ ತೆಂಕಣ ತಪ್ಪಲಿನ ನೇಪಾಳಿ ನುಡಿಯ ಹಿಂದೂ ಪ್ರಜೆಗಳ ಮೇಲೆಯೂ ಕಡ್ಡಾಯವಾದವು. 1985ರ ಪೌರತ್ವದ ಕಾಯಿದೆಯೂ ಅದರ ಬೆನ್ನಿಗೆ ನಡೆದ ಜನಗಣತಿಯೂ ಅವರಲ್ಲಿ ಬಹುಮಂದಿಯನ್ನು ಪರಕೀಯರೆಂದು ಎಣಿಸಿದ್ದವು. ತೊಂಬತ್ತರ ದಶಕದ ಆದಿಯಲ್ಲಿ ನೆಲೆ ತಪ್ಪಿ ಹೊರಬಿದ್ದ ಒಂದು ಲಕ್ಷಕ್ಕೂ ಮಿಕ್ಕ ಜನರು ನೇಪಾಳದ ಶಿಬಿರಗಳಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ಕಳೆದು, ಕೊನೆಗೆ ಬಹುಪಾಲು ಅಮೆರಿಕದಲ್ಲಿ ನೆಲಸಿದರು. ಬಾಗಿಲಲ್ಲಿ ಅತಿಥಿಯನ್ನು ತೋಳು ಮುಚ್ಚಿಕೊಳ್ಳಿರೆಂದು ಕೇಳುವುದು ಒಂದು. ಮನೆಯ ಮಗನನ್ನೇ ನೀನು ಉಟ್ಟ ಬಟ್ಟೆ ನಮ್ಮದಲ್ಲವೆನ್ನುವುದು ಬೇರೊಂದು. ಮೊದಲನೆಯದನ್ನು ಪಾಲಿಸುವಾಗ ಎರಡನೆಯದನ್ನು ಮರೆಯಬೇಕಾಗಿಲ್ಲ. ಆದರೆ ಎರಡನೆಯದು ಸರಿಯಲ್ಲವೆಂಬ ಕಾರಣದಿಂದ ಪುನಾಖಾದ ಹೆಬ್ಬಾಗಿಲಲ್ಲಿ ಚಡ್ಡಿಯೊಡನೆ ನಿಲ್ಲುವವನಿಗೆ ನ್ಯಾಯವೀರನ ಪದವಿಯೂ ಬರುವುದಿಲ್ಲ. ಕೆಲವು ಗುಡಿಗಳ ಕಾವಲುದೇವತೆಗಳ ಗರ್ಭಗೃಹಕ್ಕೆ ಹೆಂಗಸರನ್ನು ಬಿಡುವುದಿಲ್ಲ. ಅದನ್ನು ಒಪ್ಪದವರು, ಗಂಡಸರೂ ಸಹ, ಒಳಗೆ ಹೋಗದೆ ಅಂಗಳದಲ್ಲಿ ಕುಳಿತು ಬರಬಹುದು. ನಾನಾದರೆ ಹಾಗೆಯೇ ಮಾಡುವೆನು. ಆ ಆಚಾರ ಬದಲಾಗಬೇಕೆ ಎಂಬ ಚರ್ಚೆಯನ್ನು ಆ ನಾಡಿನ ಹೆಣ್ಣುಮಕ್ಕಳು ನಡೆಸಲಿ. ಮೂರು ರಾತ್ರಿಯ ಪ್ರವಾಸಿಯು ಪೂಜಾರಿಯೊಡನೆ ಕಿರುಚಾಡುವುದರಿಂದ ಅವರಿಗೆ ಯಾವ ಉಪಕಾರವೂ ಆಗದು.

ಈಚೆಗೆ ಭೂತಾನವು ಭಾರತೀಯರಿಂದಲೂ ಶುಲ್ಕವೆತ್ತಲು ತೊಡಗಿದೆ. 2019ರಲ್ಲಿ ಅಲ್ಲಿಗೆ ಹೋದ ಮೂರು ಲಕ್ಷಕ್ಕೂ ಮಿಕ್ಕ ಪ್ರವಾಸಿಗರಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚಿನವರು ನಮ್ಮವರು. ಆ ದೇಶದ ಒಟ್ಟು ಜನಸಂಖ್ಯೆಯೇ 2017ರ ಗಣತಿಯಂತೆ ಏಳೂಕಾಲು ಲಕ್ಷ. 2020ರಲ್ಲಿ ಮಾಡಿದ ಕಾನೂನಿನಂತೆ ಭಾರತೀಯನು ದಿನವೊಂದಕ್ಕೆ 1,200 ರೂಪಾಯಿ ಕೊಡಬೇಕು. ಮಹಾಮಾರಿಯಿಂದ ಮುಚ್ಚಿದ್ದ ಗಡಿ 2022ರ ಸೆಪ್ಟೆಂಬರಿನಲ್ಲಿ ತೆರೆದಾಗಿನಿಂದ ಅದು ಆಚರಣೆಗೆ ಬಂದಿದೆ. ಇತರ ವಿದೇಶೀಯರು ತೆರುವುದಕ್ಕೆ ಹೋಲಿಸಿದರೆ ಅದು ಅತ್ಯಲ್ಪ. ಆದರೂ ನಮ್ಮವರ ಗೊಣಗಾಟ ನಿಂತಿಲ್ಲ, ಅಣ್ಣತಮ್ಮಂದಿರ ಮಧ್ಯೆ ಲೆಕ್ಕವೇ ಎಂದು ಕೇಳುವವರಿದ್ದಾರೆ. ಆ ದುಡ್ಡು ಅಲ್ಲಿಯ ಮಕ್ಕಳ ಶಾಲೆಗೆ, ಆಸ್ಪತ್ರೆಗೆ, ಕಾಡಿನ ರಕ್ಷಣೆಗೆ ಹೋಗುತ್ತದೆಂದು ಸರ್ಕಾರ ಹೇಳುತ್ತದೆ. ಹೋಗದಿದ್ದರೂ ತನ್ನ ಮನೆಗೆ ಎಷ್ಟು ಮಂದಿ ಬರಬೇಕೆಂಬುದನ್ನು ನಿಶ್ಚಯಿಸುವ ಹಕ್ಕು ಮನೆಯವರದು.

ಅತಿಥಿಯಾಗಿ ನಡೆದುಕೊಳ್ಳುವ ಈ ವಿದ್ಯೆಯನ್ನು ಕಲಿಯಲು ಕನ್ನಡಿಗನು ಭೂತಾನದವರೆಗೆ ಹೋಗಬೇಕಾದ ಅವಶ್ಯಕತೆಯೂ ಇಲ್ಲ. 1961ರಲ್ಲಿ ಮೈಸೂರು ಸರ್ಕಾರವು ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರಿಗೆ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. ಅಲ್ಲಿ ಬೆಳೆದ ನಾಮ್‌ಡ್ರೋಲಿಂಗ್ ವಿಹಾರವನ್ನು ನಮ್ಮವರು ಚಿನ್ನದ ದೇವಸ್ಥಾನವೆಂದು ಕರೆಯುತ್ತಾರೆ. ಅದರ ಮಹಾಮಂದಿರದಲ್ಲಿ ಬುದ್ಧನ ಒಂದು ಪಕ್ಕದಲ್ಲಿ ಕುಳಿತಿರುವ ಪದ್ಮಸಂಭವನೇ, ಹೆಣ್ಣುಹುಲಿಯ ಬೆನ್ನೇರಿ ಪಾರೋದ ಕಡಿದಾದ ಬಂಡೆಯ ಮೇಲಿನ ತಕ್‌ತ್ಸಾಂಗ್ ಎಂಬ ಪುಣ್ಯಸ್ಥಳಕ್ಕೆ ಹಾರಿ ಬಂದನೆಂದು ಭೂತಾನದವರು ನಂಬುವ ಗುರು. ತಕ್‌ತ್ಸಾಂಗಿನಲ್ಲಿ ಮೊಬೈಲನ್ನೂ ಚೀಲವನ್ನೂ ಬಾಗಿಲಲ್ಲಿಯೇ ತೆಗೆದಿಡಿಸಿ ಒಳಗೆ ಬಿಡುತ್ತಾರೆ. ಬೈಲುಕುಪ್ಪೆಯಲ್ಲಿ ಆ ಕಟ್ಟುಪಾಡಿಲ್ಲ; ರಜೆಯ ದಿನಗಳಲ್ಲಿ ಕೊಡಗಿಗೆ ಹೋಗುವ ದಾರಿಯ ಬಸ್ಸುಗಳೆಲ್ಲ ಅಲ್ಲಿ ನಿಲ್ಲುತ್ತವೆ, ಭಿಕ್ಷುಗಳು ಮಂತ್ರಪಠನದಲ್ಲಿ ಕುಳಿತಿರುವಾಗಲೇ ಅವರ ಸಾಲಿನ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆದುಕೊಳ್ಳುವ ಕುಟುಂಬಗಳನ್ನು ಯಾರಾದರೂ ಕಾಣಬಹುದು. ಭಿಕ್ಷುಗಳು ಏನನ್ನೂ ಹೇಳುವುದಿಲ್ಲ. ಅವರು ಅರವತ್ತು ವರ್ಷಗಳಿಂದ ನಮ್ಮ ನಾಡಿನಲ್ಲಿದ್ದು, ಕನ್ನಡ ಕಲಿತು, ನಮ್ಮ ಸಂತೆಗಳಲ್ಲಿ ಜೋಳ ಮಾರಿ ಬದುಕಿದ ಸಮಾಜದವರು. ಇಲ್ಲಿ ಅತಿಥಿ ಯಾರು, ಆತಿಥೇಯ ಯಾರು ಎಂಬುದನ್ನು ತೀರ್ಮಾನಿಸುವುದು ಅವರಿಗೂ ಕಷ್ಟವಾಗಿರಬಹುದು.

ಬೆಂಗಳೂರಿನ ಕಾಲೇಜುಗಳಿಗೆ ಓದಲು ಬರುವ ಭೂತಾನದ ತರುಣ ತರುಣಿಯರೂ ಇದ್ದಾರೆ. ಅವರಿಗೆ ನಮ್ಮ ಆಚಾರಗಳ ಪಟ್ಟಿಯನ್ನು ಯಾರೂ ಅಚ್ಚು ಹಾಕಿಸಿ ಕೊಡುವುದಿಲ್ಲ. ಊರಿಗೆ ಹೊಸದಾಗಿ ಬಂದ ಅವರಲ್ಲೊಬ್ಬನು ಬಿಳಿಪಟ್ಟೆಯ ಮೇಲೆ ಒಂದು ಕಾಲಿಟ್ಟು, ಇನ್ನೇನು ವಾಹನಗಳು ನಿಲ್ಲುವುವೆಂದು ನಿರೀಕ್ಷಿಸುತ್ತ ನಿಂತಿದ್ದರೆ, ಅವನು ಯಾವ ನಾಡಿನವನೆಂದು ಊಹಿಸುವುದು ಸುಲಭ. ತಿಂಗಳೊಪ್ಪತ್ತಿನಲ್ಲಿ ಅವನೂ ನಮ್ಮ ಪದ್ಧತಿಗೆ ಹೊಂದಿಕೊಳ್ಳುತ್ತಾನೆ: ಬಲಗೈಯನ್ನು ಎದೆಯ ಎತ್ತರಕ್ಕೆ ಚಾಚಿ, ಬರುವ ಆಟೋವಿನ ಚಾಲಕನನ್ನು ಕಣ್ಣಿಟ್ಟು ನೋಡುತ್ತ, ನಿಲ್ಲದೆ ನುಗ್ಗಿ, ಆಚೆಯ ದಡ ಸೇರುತ್ತಾನೆ. ಓದು ಮುಗಿಸಿ ಥಿಂಫುವಿಗೆ ಮರಳಿದಮೇಲೆ ಅಲ್ಲಿಯ ಬಿಳಿಪಟ್ಟೆಯ ಮೇಲೆ ಅದೇ ಕೈಯನ್ನು ಚಾಚಿದರೆ ಮನೆಯವರು ಏನೆಂದುಕೊಳ್ಳುವರೋ ಕಾಣೆ.